ಸಂಜಿಗೆ ಬಾ, ದಫೇದಾರ

ಗೋಡೆಗೂ ಕಿವಿ ಇರುತ್ತದೆ, ಮೆಲ್ಲಗೆ ಮಾತಾಡು ಎಂದು ಬೇರೆ ಊರುಗಳಲ್ಲಿ ಹೇಳುತ್ತಾರಂತೆ. ಬರೀ ಕಿವಿ ಇದ್ದಿದ್ದರೆ ನಮ್ಮದೇನೂ ತಕರಾರಿರಲಿಲ್ಲ. ನಮ್ಮೂರ ಗೋಡೆಗಳಿಗೆ ಬಾಯಿ ಇದೆ. ಇವತ್ತು ಅವುಗಳ ಮುಂದೆ ಆಡಿದ ಮಾತನ್ನು ನಾಳೆ ಅದೇ ಹೊತ್ತಿಗೆ, ಆಡಿದವರ ದನಿಯಲ್ಲೇ ಒಂದು ಸಲ ಹೇಳಿ ಸುಮ್ಮನಾಗುತ್ತವೆ. ಎರಡನೇ ಸಲ ಹೇಳು ಎಂದು ಕಾಲು ಹಿಡಿದರೂ ಹೇಳುವುದಿಲ್ಲ.

ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಗಂಡ ಹೆಂಡತಿಗೆ ಜಗಳವಾಡಬೇಕೆನಿಸಿದರೆ ಬಾಗಿಲಿಗೆ ಬೀಗ ಹಾಕಿ, ಹತ್ತಿ ಜಿನ್ನಿನ ಹಿಂದಿನ ಬಯಲಿಗೆ ಹೋಗಿ ಆಡಿ ಬರುತ್ತಾರೆ. ಹಬ್ಬದ ಮರುದಿನವಂತೂ ಆ ಬಯಲಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. ಮದುವೆಯ ಮಾತುಕತೆಯನ್ನು ಮಾತ್ರ ಬೇಕೆಂದೇ ಪಡಸಾಲೆಯಲ್ಲಿ ಮಾಡುತ್ತೇವೆ. ಮರುದಿನ ಎರಡೂ ಕಡೆಯವರು ಬಂದು ಕೂತು, ಗೋಡೆ ಹೇಳಿದ್ದನ್ನು ಕೇಳಿ ಹೌದೆಂದು ತಲೆಯಾಡಿಸಿ ಎದ್ದು ಹೋಗುತ್ತಾರೆ. ಹೊಸ ಮದುಮಕ್ಕಳ ಕೋಣೆಯ ಸುತ್ತ ದಪ್ಪ ದಪ್ಪ ಕೌದಿ ತೂಗುಹಾಕುತ್ತೇವೆ; ಹೆಣ್ಣು ಕೊಡುವವರು ಬಂಗಾರಕ್ಕಿಂತ ಮೊದಲು ಕೌದಿ ಮುಟ್ಟಿ ನೋಡುತ್ತಾರೆ. ನಮ್ಮ ಶಾಲೆಯ ಹಂಪಣ್ಣ ಮಾಸ್ತರರು ಒಂದು ದಿನ ಪಾಠ ಹೇಳಿ ಮರುದಿನ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದರು. ಪಾಠ ಗೋಡೆ ಹೇಳುತ್ತಿತ್ತು, ನಡುನಡುವೆ ಹಿಂದಿನ ದಿನ ನನ್ನ ಬೆನ್ನಿಗೆ ಬಿದ್ದ ಏಟಿನ ಸದ್ದೂ ಬರುತ್ತಿತ್ತು.

ನನ್ನ ಹೆಸರು ದುಂಡಪ್ಪ. ಹೆಸರಿಗೆ ತಕ್ಕ ಮೈ ಆಗ ಇರಲಿಲ್ಲ, ಮಾತ್ರೆ ನುಂಗಲು ಶುರು ಮಾಡಿದ ಮೇಲೆ ಬಂತು. ನಾನೂ ನನ್ನ ಹೆಂಡತಿ ಕಾಶವ್ವನೂ ಬಸ್‌ಸ್ಟ್ಯಾಂಡಿನ ಹಿಂದೆ ಮನೆಯ ಪಡಸಾಲೆಯಲ್ಲೇ ಖಾನಾವಳಿ ನಡೆಸುತ್ತಿದ್ದೆವು. ರೊಟ್ಟಿ ನನ್ನ ಕಾಶಿಯದು, ಸಾರು ಪಲ್ಯ ನನ್ನದು. ಊಟದ ಹೊತ್ತಿಗೆ ಗೋಡೆಯೂ ನಿನ್ನೆಯ ಗಿರಾಕಿಗಳ ದನಿಯಲ್ಲಿ “ಇನ್ನೊಂದು ರೊಟ್ಟಿ ಹಾಕ್ರಿ” ಎನ್ನುತ್ತಿತ್ತು. ಬಡಿಸುವವರು ಬಾಯಿ ನೋಡಿ ಬಡಿಸಬೇಕಾಗಿತ್ತು, ದನಿ ಕೇಳಿ ಅಲ್ಲ.

ಇಂಥ ಊರಿನಲ್ಲಿ ಒಬ್ಬನಿಗೆ ಯಾರೂ ಆಡದ ಮಾತು ಕೇಳಿಸತೊಡಗಿದರೆ ಯಾರಿಗೆ ಗೊತ್ತಾಗಬೇಕು? ನನಗೇ ಗೊತ್ತಾಗಲಿಲ್ಲ. ಒಂದು ದಿನ ಒಗ್ಗರಣೆ ಹಾಕುತ್ತಿದ್ದಾಗ ಗಡಸು ದನಿಯೊಂದು, “ದುಂಡ್ಯಾ, ಸಾರಿನ್ಯಾಗ ವಿಷ ಬಿದ್ದೈತಿ, ಚೆಲ್ಲು” ಎಂದಿತು. ನಿನ್ನೆ ಯಾರೋ ಗಿರಾಕಿ ಚೇಷ್ಟೆ ಮಾಡಿರಬೇಕು, ಗೋಡೆ ಇವತ್ತು ಒಪ್ಪಿಸುತ್ತಿದೆ ಎಂದುಕೊಂಡೆ. ಮರುದಿನವೂ ಅದೇ ದನಿ. ಗೋಡೆಗೆ ವಾಚಾಮಗೋಚರ ಬೈದೆ. ಮರುದಿನ ಅದು ನನ್ನ ಬೈಗುಳವನ್ನು ಚಾಚೂ ತಪ್ಪದೆ ನನಗೇ ವಾಪಸು ಕೊಟ್ಟಿತು. ಗೌಂಡಿಯನ್ನು ಕರೆಸಿ ಹಳೆಯ ಗಿಲಾವು ಕೆತ್ತಿಸಿ ಹೊಸದು ಮಾಡಿಸಿದೆ. ದನಿ ಗಿಲಾವಿನಲ್ಲಿರಲಿಲ್ಲ.

ಆಮೇಲೆ ಚೆಲ್ಲಿದೆ. ಊಟಕ್ಕೆ ಕೂತವರ ಮುಂದೆಯೇ ತಪ್ಪೇಲಿ ಎತ್ತಿ ಚರಂಡಿಗೆ ಸುರಿದೆ. ಕಾಶಿ ಮತ್ತೆ ಬೇಳೆಗಿಟ್ಟಳು, ಅದನ್ನೂ ಸುರಿದೆ. ಗಿರಾಕಿಗಳು ನಗುತ್ತಿದ್ದರು. ಅವರ ಜೀವ ಉಳಿಸಿದವನು ನಾನು, ಭಯ ನನ್ನೊಬ್ಬನಿಗೇ ಇತ್ತು. ಆ ಭಯವನ್ನು ನಾನು ಈಗಲೂ ಯಾರ ಮುಂದೆಯೂ ತಮಾಷೆ ಮಾಡಿ ಹೇಳಲಾರೆ. ನನ್ನ ಕೈಯ ಸಾರು ನಾನೇ ಉಣ್ಣುವುದನ್ನು ಬಿಟ್ಟೆ, ಖಾನಾವಳಿಯ ಬಾಗಿಲು ಮುಚ್ಚಿತು.

ಹುಚ್ಚು ಪತ್ತೆ ಮಾಡಲು ನಮ್ಮೂರಲ್ಲಿ ಒಂದು ಸುಲಭದ ಪದ್ಧತಿ ಇದೆ. ಮನುಷ್ಯನನ್ನು ಒಂದು ದಿನ ಮನೆಯೊಳಗೆ ಒಬ್ಬನೇ ಬಿಡುತ್ತಾರೆ. ಮರುದಿನ ಗೋಡೆ ಪಂಚರು ಬಂದು ಕೂತು ಕೇಳುತ್ತಾರೆ. ಗೋಡೆ ಮಾತಾಡಿದರೆ ಹುಚ್ಚ, ಸುಮ್ಮನಿದ್ದರೆ ಶಾಣ್ಯಾ. ಪಂಚರು ಮೂವರು. ಹಿರಿಯರಾದ ಶಿವಪುತ್ರಪ್ಪನವರಿಗೆ ಎಡಗಿವಿ ಪೂರಾ ಕೇಳಿಸುವುದಿಲ್ಲ, ಬಲಗಿವಿ ಅವರಿಗೆ ಬೇಕಾದಾಗ ಕೇಳಿಸುತ್ತದೆ. ಎರಡನೆಯವರು ನಮ್ಮ ಹಂಪಣ್ಣ ಮಾಸ್ತರರು, ಇಲ್ಲಿಯೂ ನಿದ್ದೆ ಮಾಡುತ್ತಿದ್ದರು. ಮೂರನೆಯವನು ಕಿರಾಣಿ ಅಂಗಡಿಯ ಚನಬಸಪ್ಪ. ನನ್ನ ಗೋಡೆ ಅವತ್ತು ಬಾಯಿ ಮುಚ್ಚಲೇ ಇಲ್ಲ. “ಬ್ಯಾಡ, ಅವ್ರನ್ನ ಕೊಲ್ಲಬ್ಯಾಡ, ನಾ ಚೆಲ್ಲತೀನಿ” ಎಂದು ನನ್ನ ದನಿಯಲ್ಲಿ ಗೋಗರೆಯಿತು. ಯಾರ ಹತ್ತಿರ ಗೋಗರೆಯುತ್ತಿದ್ದೇನೆಂದು ಗೋಡೆ ಹೇಳಲಿಲ್ಲ, ಅದು ಗೋಡೆಗೆ ಕೇಳಿಸಿರಲೇ ಇಲ್ಲ.

ಕಾಶಿಯ ತಮ್ಮ ಬಸಲಿಂಗಪ್ಪ ಅಂದೇ ಬಂದು ಅವಳನ್ನು ಕೆಳಗಿನ ಓಣಿಯ ತವರಿಗೆ ಕರೆದುಕೊಂಡು ಹೋದ. ದುಷ್ಟನಲ್ಲ ಅವನು, ಹೆದರಿದ್ದ. “ಮಾವಾ, ಗ್ವಾಡಿ ಸುಮ್ಮನಾದ ದಿನಾ ನಾನ ಕರಕೊಂಡು ಬಂದು ಬಿಡತೀನಿ” ಎಂದ. ಕಾಶಿ ಹೊಸ್ತಿಲಲ್ಲಿ ನಿಂತು, “ಹೊತ್ತಿಗೆ ಸರಿಯಾಗಿ ಉಣ್ರಿ” ಎಂದಳು. ಮರುದಿನ ಅದೇ ಹೊತ್ತಿಗೆ ಗೋಡೆ ಇನ್ನೊಮ್ಮೆ ಹಾಗೆಂದಿತು. ನಾನು ಗೋಡೆಗೆ ಮುಖ ಕೊಟ್ಟು ಅತ್ತೆ.

ಇತ್ತ ನನ್ನನ್ನು ನೆಟ್ಟಗೆ ಮಾಡಲು ಊರು ಟೊಂಕ ಕಟ್ಟಿ ನಿಂತಿತು. ನೆತ್ತಿಗೆ ನಿಂಬೆಹಣ್ಣು ತಿಕ್ಕಬೇಕೆಂದು ಒಬ್ಬರು, ತಿಕ್ಕಿದರೆ ಶೀತವೇರಿ ಸಾಯುತ್ತಾನೆಂದು ಇನ್ನೊಬ್ಬರು. ಇನ್ನೊಂದು ಮದುವೆ ಮಾಡಿದರೆ ಸರಿಹೋದಾನು ಎಂದರು ಶಿವಪುತ್ರಪ್ಪನವರು, ನನಗಿದ್ದ ಹೆಂಡತಿ ತಮ್ಮ ತೀರ್ಪಿನಿಂದಲೇ ತವರಿಗೆ ಹೋದದ್ದು ಮರೆತು. ಇವರೆಲ್ಲ ನನ್ನ ಪಡಸಾಲೆಯಲ್ಲಿ ಕೂತು ಹೇಳಿದ್ದರಿಂದ ಅಷ್ಟೂ ಉಪದೇಶವನ್ನು ಮರುದಿನ ಗೋಡೆಯಿಂದಲೂ ಕೇಳಬೇಕಾಯಿತು.

ಸರಕಾರಿ ದವಾಖಾನೆಗೆ ನನ್ನನ್ನು ಕರೆದೊಯ್ದದ್ದೂ ಬಸಲಿಂಗಪ್ಪನೇ. ಡಾಕ್ಟರು ಕೇಳಿ ನೋಡಿ ಸ್ಕಿಜೋಫ್ರೇನಿಯಾ ಎಂದರು. ಮರುದಿನ ಗೋಡೆಯೂ ತೊದಲದೆ ಸ್ಕಿಜೋಫ್ರೇನಿಯಾ ಎಂದಿತು. ಹೊರಗೆ ಕೇಳುತ್ತ ನಿಂತವರಲ್ಲಿ ಒಬ್ಬರ ಬಾಯಲ್ಲೂ ಅದು ಹೊರಳಲಿಲ್ಲವಾಗಿ, ಹುಚ್ಚು ಎಂಬ ಹಳೆಯ ಮಾತನ್ನೇ ಇಟ್ಟುಕೊಂಡರು. ಮಾತ್ರೆಯಿಂದ ಗುಣ ಕಂಡಿತು. ಚೀರುತ್ತಿದ್ದ ದನಿ ಗೊಣಗುವುದಕ್ಕೆ ಇಳಿಯಿತು, ನಿದ್ದೆ ಬಂತು, ಸ್ವಲ್ಪ ಹೆಚ್ಚೇ ಬಂತು. ಡಾಕ್ಟರು, “ಮಾತ್ರಿ ಬಿಡಬ್ಯಾಡ್ರಿ, ಜೊತಿಗೆ ನಸೀಮಾ ಮೇಡಂ ಕೂಡ ಮಾತಾಡ್ರಿ. ಸೋಮವಾರ, ಮಂಗಳವಾರ ಬರ್ತಾರ” ಎಂದರು.

ಮಾತಾಡಿಸಿಯೇ ರೋಗ ಗುಣಪಡಿಸುವ ಕೆಲಸ ನಸೀಮಾ ಮೇಡಂ ಅವರದು. ಬೇರೆ ಊರಿನವರು. ಮೊದಲ ಸೋಮವಾರ ಕುರ್ಚಿಯಲ್ಲಿ ಕೂತೊಡನೆ ನಾನು, “ಮೇಡಂ, ಇಲ್ಲಿ ಬ್ಯಾಡ್ರಿ. ಗ್ವಾಡಿ ನಾಳೆ ಎಲ್ಲಾ ಹೇಳತಾವ” ಎಂದೆ.

ಅವರು ನನ್ನ ಮುಖ ನೋಡಿ ಮೆತ್ತಗೆ, “ಗ್ವಾಡಿ ಮಾತಾಡತಾವಂತ ನಿಮಗ ಯಾವಾಗಿಂದ ಅನಸಾಕತ್ತೈತ್ರಿ?” ಎಂದು ಕೇಳಿದರು.

“ಹುಟ್ಟಿದಾಗಿಂದ್ರಿ.”

ಅದನ್ನೇನೋ ಬರೆದುಕೊಂಡರು. ಊರ ಮಂದಿಗೂ ಹಾಗನಿಸುತ್ತದೆಯೇ ಎಂದು ಕೇಳಿದರು. ಎಲ್ಲರಿಗೂ ಅನಿಸುತ್ತದೆ ಎಂದೆ. ಅದನ್ನೂ ಬರೆದುಕೊಂಡರು. ನನ್ನ ರೋಗ ನಾನೆಣಿಸಿದ್ದಕ್ಕಿಂತ ಜೋರಿದೆ ಎಂದು ಅವರ ಮುಖದ ಮೇಲೆ ಕಾಣುತ್ತಿತ್ತು.

ಮಂಗಳವಾರ ಅದೇ ಹೊತ್ತಿಗೆ ಎದುರುಬದುರು ಕೂತಿದ್ದೆವು. ಗೋಡೆ ಅವರದೇ ದನಿಯಲ್ಲಿ, “ಯಾವಾಗಿಂದ ಅನಸಾಕತ್ತೈತ್ರಿ” ಎಂದಿತು. ಮೇಡಂ ಎದ್ದು ಗೋಡೆಯ ಹಿಂದೆ ಹೋಗಿ ನೋಡಿ ಬಂದರು, ಮೇಜಿನ ಕೆಳಗೆ ಬಗ್ಗಿ ನೋಡಿದರು, ನೀರು ಕುಡಿದರು. ಕೊನೆಗೆ ನಿನ್ನೆ ಬರೆದದ್ದನ್ನು ಉದ್ದಕ್ಕೆ ಹೊಡೆದು ಹಾಕಿ, “ತಪ್ಪಾತ್ರಿ ದುಂಡಪ್ಪ. ನಿಮ್ಮ ಮಾತು ನಾ ನಂಬಬೇಕಿತ್ತು” ಎಂದರು. ಹುಚ್ಚನೆನಿಸಿಕೊಂಡವನ ಹತ್ತಿರ ತಪ್ಪಾಯಿತು ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವತ್ತಿನಿಂದ ನಾನು ಅವರಿಗೆ ಮುಚ್ಚುಮರೆಯಿಲ್ಲದೆ ಹೇಳತೊಡಗಿದೆ.

“ಗ್ವಾಡಿ ನೀವು ಕೇಳಿದ್ದಕ್ಕ ಉತ್ತರಾ ಕೊಡತಾವೇನ್ರಿ?” ಎಂದು ಒಂದು ದಿನ ಕೇಳಿದರು.

“ಇಲ್ರಿ. ನಾವು ಆಡಿದ್ದಷ್ಟ ಆಡತಾವ.”

“ಮತ್ತ ಈ ದನಿ?”

“ಕೊಡತೈತ್ರಿ. ಕೇಳದಿದ್ರೂ ಕೊಡತೈತಿ.”

“ಹಂಗಾರ ಇದು ಗ್ವಾಡಿದಲ್ಲ. ನಿಮಗ ಕೇಳಸೂದು ಖರೇ ಐತಿ, ಅದನ್ನ ನಾ ಇಲ್ಲಂತ ಅನ್ನೂದಿಲ್ಲ. ಅದು ಹೇಳೂದು ಖರೇನೋ ಸುಳ್ಳೋ, ಅಷ್ಟ ನೋಡೂಣು.”

ನನಗೆ ಗೋಡೆಯ ಮೇಲಿದ್ದ ಸಿಟ್ಟು ಇಳಿಯಿತು, ಗೌಂಡಿಯನ್ನು ಸುಮ್ಮನೆ ಕರೆಸಿದೆನಲ್ಲ ಎಂದು ನಗುವೂ ಬಂತು. ಆ ದನಿಗೊಂದು ಹೆಸರಿಡಿ ಎಂದರು ಮೇಡಂ. ಹುಕುಂ ಕೊಡುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಅದಕ್ಕೆ ನಾನು ದಫೇದಾರ ಎಂದು ಹೆಸರಿಟ್ಟೆ.

ನಮ್ಮ ಮಾತುಕತೆ ಗುಟ್ಟಾಗಿ ಉಳಿಯುವ ಬಗೆ ಎಂತು? ಮೇಡಂ ಬಂದ ಸುದ್ದಿ ಹಬ್ಬಿದ್ದೇ ತಡ, ದವಾಖಾನೆಯ ಗೋಡೆಯ ಹೊರಗೆ ಮರುದಿನದ ಮಾತು ಕೇಳಲು ಓಣಿಗೆ ಓಣಿಯೇ ಸೇರತೊಡಗಿತು. ಹುರಿದ ಶೇಂಗಾ ಮಾರುವವನು ಬುಟ್ಟಿ ತಂದಿಟ್ಟ. ಮೊದಲು ನಕ್ಕರು, ದಫೇದಾರನ ಹೆಸರು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಗೋಡೆ ಮೇಡಂ ದನಿಯಲ್ಲಿ ಪ್ರಶ್ನೆ ಕೇಳುತ್ತಿತ್ತಲ್ಲ, “ನಿಮಗ ಎಲ್ಲಕ್ಕಿಂತ ಜಾಸ್ತಿ ಅಂಜಿಕಿ ಯಾವುದ್ರಿ?” ಎಂದು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುವುದು ಮೇಡಂ ಅವರ ರೂಢಿ. ಅಷ್ಟು ಮೆತ್ತಗೆ ಯಾರೂ ಯಾರನ್ನೂ ಏನನ್ನೂ ಕೇಳದ ಊರು ನಮ್ಮದು. ಒಂದು ಸೋಮವಾರದ ಪ್ರಶ್ನೆಗೆ ಮಂಗಳವಾರ, ಶೇಂಗಾ ಬಾಯಲ್ಲಿಟ್ಟುಕೊಂಡೇ ಪಂಚ ಚನಬಸಪ್ಪ, “ನಮ್ಮಪ್ಪಂದ್ರಿ” ಎಂದುಬಿಟ್ಟ. “ಸತ್ತು ವರ್ಷಾತು. ತಕ್ಕಡಿ ಎತ್ತಿದ್ರ ಸಾಕು, ಹಿಂದ ನಿಂತು ನೋಡಿದಂಗ ಆಗತೈತ್ರಿ. ಕೈ ನಡಗತಾವ.”

ಗೋಡೆಗೆ ಹೊರಮೈಯೂ ಕಿವಿಯೇ ಎಂಬುದು ಆ ಹೊತ್ತಿಗೆ ಅವನಿಗೆ ಮರೆತಿತ್ತು. ಬುಧವಾರ ಗೋಡೆ ಅದನ್ನು ಪೇಟೆಗೆಲ್ಲ ಕೇಳಿಸುವಂತೆ ಹೇಳಿತು. ಅವನೊಬ್ಬನೇ ಅಲ್ಲ, ಮೆತ್ತಗಿನ ಪ್ರಶ್ನೆಗೆ ಮರುಳಾಗಿ ಉತ್ತರ ಕೊಟ್ಟವರು ಇನ್ನೂ ನಾಲ್ಕು ಮಂದಿ ಇದ್ದರು. ಮರುವಾರದಿಂದ ಆ ಗೋಡೆಯ ಕಡೆ ನಾಯಿಯೂ ಸುಳಿಯಲಿಲ್ಲ, ಶೇಂಗಾದವನು ಬಸ್‌ಸ್ಟ್ಯಾಂಡಿಗೆ ವಾಪಸು ಹೋದ. ಹಾಗಾಗಿ ಊರಿನಲ್ಲಿ ಗುಟ್ಟಾಗಿ ಮಾತಾಡಲು ಅತ್ಯಂತ ಸುರಕ್ಷಿತವಾದ ಜಾಗ ಅದೇ ಆಯಿತು. ಮಂಗಳವಾರ ನಾನು ಹೊರಬರುವಾಗ ಚನಬಸಪ್ಪ ಹಿಂಬಾಗಿಲಲ್ಲಿ ಟವೆಲು ತಲೆಗೆ ಹೊದ್ದು ಕಾಯುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಇಷ್ಟರಲ್ಲಿ ಬಸಲಿಂಗಪ್ಪ ಪಂಚರ ಕೈಕಾಲು ಹಿಡಿದು ನನಗೊಂದು ಮರುಪರೀಕ್ಷೆ ಗೊತ್ತು ಮಾಡಿದ್ದ. ಬರುವ ಅಮಾವಾಸ್ಯೆಯ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ಹೊಸ್ತಿಲು ದಾಟದೆ ಒಬ್ಬನೇ ಮನೆಯಲ್ಲಿರಬೇಕು. ಮರುದಿನ ಪಂಚರು ಕೇಳುತ್ತಾರೆ. ಗೋಡೆ ಸುಮ್ಮನಿದ್ದರೆ ಕಾಶಿ ಅಂದೇ ಮನೆಗೆ ಬರಬಹುದು.

“ಈಗಿಂದ ರೂಢಿ ಮಾಡ್ಕೋ ಮಾವಾ. ಬಾಯಿಗೆ ಬೀಗಾ ಹಾಕು” ಎಂದ.

ಹಾಕಿದೆ. ಕಾಶಿ ಬರುತ್ತಾಳೆಂದರೆ ಬಾಯಿ ಹೊಲಿದುಕೊಳ್ಳಲೂ ನಾನು ತಯಾರಿದ್ದೆ. ದಫೇದಾರ ಬಂದರೆ ಹಲ್ಲು ಕಚ್ಚಿ ಕೂರುತ್ತಿದ್ದೆ. ಅವನು ಹೊರಗೆ ಹೋಗಲಿಲ್ಲ, ಉತ್ತರ ಸಿಗದ ಗಿರಾಕಿಯಂತೆ ದನಿ ಏರಿಸುತ್ತ ಹೋದ. ದವಾಖಾನೆಗೆ ಹೋಗಿ ಮಾತಾಡಿದರೆ ರೂಢಿ ತಪ್ಪೀತೆಂದು ಅದನ್ನೂ ಬಿಟ್ಟೆ. ನಿದ್ದೆ ಹೋಯಿತು. ಅಡುಗೆ ಮಾಡಿದರೆ ವಿಷ, ಮಾಡದಿದ್ದರೆ ಹಸಿವು, ಕೊನೆಗೆ ಒಣ ಅವಲಕ್ಕಿಗೂ ಹೆದರಿದೆ. ಗೋಡೆ ಮಾತ್ರ ಜಾಣ ಹುಡುಗನಂತೆ ಸುಮ್ಮನಿತ್ತು. ಓಣಿಯಲ್ಲಿ ಹೋಗುವವರು ನಿಂತು ಕೇಳಿ, “ಭಾಳ ಸುಧಾರಿಸ್ಯಾನ” ಎಂದು ಗೋಡೆಯ ಬೆನ್ನು ತಟ್ಟಿ ಹೋಗುತ್ತಿದ್ದರು. ಹೊಟ್ಟೆಗಿಲ್ಲದೆ ನನ್ನ ಗಲ್ಲ ಒಳಸೇರಿದ್ದನ್ನು ನೋಡಿ ಶಿವಪುತ್ರಪ್ಪನವರು, ಮುಖಕ್ಕೆ ಮೊದಲಿನ ಕಳೆ ಬಂದಿದೆ ಎಂದರು.

ಎರಡು ವಾರ ನಾನು ಬಾರದ್ದನ್ನು ನೋಡಿ ಮೇಡಂ ಡಾಕ್ಟರ ಜೊತೆ ಮನೆಗೇ ಬಂದರು. ಡಾಕ್ಟರು ನಾಡಿ ಹಿಡಿದು, ಮಾತ್ರೆ ಸರಿಯಾಗಿ ನುಂಗಿದ್ದೇನೆಯೇ ಎಂದು ನೋಡಿ ದವಾಖಾನೆಗೆ ವಾಪಸು ಹೋದರು. ಮೇಡಂ ಮೊದಲು ಕೇಳಿದ್ದು, “ಊಟಾ ಮಾಡೀರೇನ್ರಿ?”

ನಾನು ಗೋಡೆಯತ್ತ ಕಣ್ಣು ತೋರಿಸಿ, ಬಾಯಿಗೆ ಬೆರಳಿಟ್ಟುಕೊಂಡೆ.

“ಗ್ವಾಡಿ ಸುಮ್ಮನಿದ್ರ ಗ್ವಾಡಿ ಆರಾಮ ಐತಿ ಅಂತ ಆತು” ಎಂದರು. “ನೀವು ಹೆಂಗಿದ್ದೀರಿ?”

ನನ್ನ ಬೀಗ ಅಲ್ಲಿಗೆ ಕಳಚಿತು. ಗಳಗಳ ಅತ್ತೆ, ಎಲ್ಲ ಹೇಳಿದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಸುಳ್ಳಲ್ಲ. ನನ್ನದು ಅದರ ತಮ್ಮ: ಮಾತಾಡದೆ ಗುಣವಾಗದು, ಸುಮ್ಮನಿರದೆ ಗುಣವಾಯಿತೆಂದು ಯಾರೂ ಒಪ್ಪರು.

ಮೇಡಂ ಒಲೆಯತ್ತ ನೋಡಿ, “ಸಾರ ಮಾಡತೀರೇನು? ನನಗೂ ಹಸಿವಾಗೈತಿ” ಎಂದರು. ಹೆದರುತ್ತಲೇ ಮಾಡಿದೆ. ಒಗ್ಗರಣೆ ಸಿಡಿಯುತ್ತಿದ್ದಂತೆ ದಫೇದಾರ ಗರ್ಜಿಸಿದ. ಏನಂದ ಎಂದು ಮೇಡಂ ಕೇಳಿದರು, ಹೇಳಿದೆ. “ಆತು, ಅಂವಾ ಹೇಳಿದ್ದು ಕೇಳಿಸ್ಕೊಂಡ್ವಿ. ಈಗ ಖರೇ ಐತೋ ಏನೋ ನೋಡೂಣು” ಎಂದು ತಾಟು ಮುಂದೆ ಹಿಡಿದರು. ಅನ್ನಕ್ಕೆ ಸಾರು ಕಲಸಿ ಅವರು ಉಣ್ಣುವುದನ್ನು ನಾನು ಬಾಗಿಲ ಚೌಕಟ್ಟು ಹಿಡಿದು ನೋಡಿದೆ. ಕೈ ತೊಳೆದು, “ಬರೂ ಸೋಮವಾರ ನಾ ಬಸ್ ಇಳದು ಬಂದ್ರ ಸಾರು ಚೊಲೊ ಇತ್ತಂತ ತಿಳಕೊಳ್ರಿ” ಎಂದರು.

ಸೋಮವಾರ ನಾನು ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನಿಂದಲೇ ನಿಂತಿದ್ದೆ. ಇಳಿದರು. ದಫೇದಾರ ತಕ್ಷಣ, “ಆಕಿ ಮೊದಲ ಔಷಧಾ ತಗೊಂಡು ಬಂದಿದ್ಲು” ಎಂದ. ಅವನನ್ನು ಅಷ್ಟು ಸುಲಭಕ್ಕೆ ಸೋಲಿಸಲಾಗುವುದಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ಕೂದಲೆಳೆಯಷ್ಟು ಅನುಮಾನ ಹುಟ್ಟಿತ್ತು, ಅವತ್ತು ಒಂದು ಚಮಚ ಸಾರು ನಾನೂ ನಾಲಿಗೆಗೆ ಮುಟ್ಟಿಸಿದೆ. ಬದುಕಿದ್ದೆ. ಮರುದಿನ ಎರಡು ಚಮಚ. ಎಂದಾದರೂ ಮೊದಲಿನಂತಾಗುತ್ತೇನೆಯೇ ಎಂದು ಮೇಡಂ ಅವರನ್ನು ಕೇಳಿದೆ. “ಮೊದಲಿನಂಗ ಯಾರೂ ಆಗೂದಿಲ್ರಿ, ನಾನೂ ಆಗಿಲ್ಲ. ಅಡಗಿ ಮಾಡಿ ನಾಕ ಮಂದಿಗೆ ಬಡಸೂ ಹಂಗ ಆಗಬಹುದು. ಭಾಳ ಮಂದಿ ಆಗ್ಯಾರ” ಎಂದರು. ಬಂದಾಗಲೆಲ್ಲ ಅವನ ಜೊತೆ ಕಾದಾಡಬೇಡಿ, ಬಾಯಿ ಮುಚ್ಚಿಕೊಂಡೂ ಕೂರಬೇಡಿ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟನಿಗೆ ಹೇಳುವಂತೆ ಹೇಳಿ, ಅವನಿಗೊಂದು ಹೊತ್ತು ಗೊತ್ತು ಮಾಡಿ ಎಂದರು. ನಾನು ಸಂಜೆಯ ಹೊತ್ತು ಗೊತ್ತು ಮಾಡಿದೆ, ಮನೆಯ ಮುಂದಿನ ಕಟ್ಟೆಯ ಮೇಲೆ. ಕೆಲವು ಸಂಜೆ ಬಂದು ಬೈದು ಹೋಗುತ್ತಿದ್ದ, ಕೆಲವು ಸಂಜೆ ಬರುತ್ತಲೇ ಇರಲಿಲ್ಲ.

ಅಮಾವಾಸ್ಯೆಗೆ ಏನು ಮಾಡಲಿ ಎಂದು ಕೇಳಿದ್ದಕ್ಕೆ ಮಾತ್ರ ಮೇಡಂ ಉತ್ತರ ಕೊಡಲಿಲ್ಲ. “ಹೆಂಡತಿ ನಿಮ್ಮಾಕಿ, ಗ್ವಾಡಿನೂ ನಿಮ್ದ. ನೀವ ವಿಚಾರ ಮಾಡ್ರಿ” ಎಂದರು.

ವಿಚಾರ ಮಾಡಿದೆ. ಒಂದು ದಿನ ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗುತ್ತಿತ್ತು. ಆದರೆ ಹಾಗೆ ಪಾಸಾದ ಮೇಲೆ ಜನ್ಮವಿಡೀ ಕಾಶಿಯ ಮುಂದೆ ಹಲ್ಲು ಕಚ್ಚಿ ಕೂರಬೇಕಿತ್ತು. ಮತ್ತೆ ನಿದ್ದೆ ಹೋಗುವುದು, ಊಟ ಹೋಗುವುದು, ತಪ್ಪೇಲಿ ಚರಂಡಿಗೆ ಹೋಗುವುದು. ಅವಳು ಬರುವುದು ನಿಜವಾಗಿ ನನ್ನ ಹತ್ತಿರವೇ ಆಗಬೇಕು, ನಮ್ಮ ಗೋಡೆಯ ಹತ್ತಿರ ಅಲ್ಲ. ಅಷ್ಟು ಗಟ್ಟಿ ಮನಸ್ಸು ಮಾಡಿದ್ದರೂ ಅಮಾವಾಸ್ಯೆಯ ದಿನ ಬೆಳಿಗ್ಗೆ ಮಾತಾಡಲು ಧೈರ್ಯ ಬರಲಿಲ್ಲ. ಮಧ್ಯಾಹ್ನ ಕೈ ಹಿಟ್ಟಿನಲ್ಲಿತ್ತು, ಸಾರು ಕುದಿಯುತ್ತಿತ್ತು, ಆಗ ಅವನು ಬಂದ.

ಮರುದಿನ ಪಂಚರು ಪಡಸಾಲೆಯ ಜಮಖಾನೆಯ ಮೇಲೆ ಕೂತರು. ಊರ ಅರ್ಧ ಮಂದಿ ಬಾಗಿಲಲ್ಲಿ. ಕಾಶಿ ತಮ್ಮನ ಹಿಂದೆ ಸೆರಗು ಹೊದ್ದು ನಿಂತಿದ್ದಳು, ಸೊರಗಿ ಹೋಗಿದ್ದಳು. ಬಸಲಿಂಗಪ್ಪನ ಕೈಯಲ್ಲಿ ಪೇಡೆಯ ಪೊಟ್ಟಣ ತಯಾರಿತ್ತು. ಬೆಳಗಿನಿಂದ ಗೋಡೆಯಲ್ಲಿ ಪೊರಕೆಯ ಸದ್ದು, ಕೊಡ ಇಟ್ಟ ಸದ್ದು, ನನ್ನ ಕೆಮ್ಮು ಬಿಟ್ಟರೆ ಬೇರೇನೂ ಬರಲಿಲ್ಲ. ಹಂಪಣ್ಣ ಮಾಸ್ತರರು ಗೊರಕೆ ಹೊಡೆದರು. ಶಿವಪುತ್ರಪ್ಪನವರು ಕಿವಿ ಗೋಡೆಗೆ ಹಚ್ಚಿ, ಪಾಸಾದ ಹಾಗೆಯೇ ಎಂದು ತಲೆಯಾಡಿಸುತ್ತಿದ್ದರು. ನಾನು ಒಲೆಯ ಮುಂದೆ ನನ್ನ ಪಾಡಿಗೆ ಸಾರಿಗೆ ಬೇಳೆ ಇಟ್ಟಿದ್ದೆ, ಏನು ಬರಲಿದೆ ಎಂದು ನನಗೊಬ್ಬನಿಗೇ ಗೊತ್ತಿತ್ತು.

ಊಟದ ಹೊತ್ತಿಗೆ ಗೋಡೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ಟಪಟಪ, ಒಂದೇ ಸಮನೆ ಅಲ್ಲ, ಕಲಿಯುವವರ ಹಾಗೆ. ನಡುವೆ ನಿಂತಿತು.

“ಬಂದ್ಯಾ ದಫೇದಾರ?” ಎಂದಿತು ನನ್ನ ದನಿ.

ಬಾಗಿಲಲ್ಲಿದ್ದ ಮಂದಿ ಗುಜುಗುಜು ಎಂದರು. ಬಸಲಿಂಗಪ್ಪ ಕಣ್ಣು ಮುಚ್ಚಿಕೊಂಡ.

“ಕೇಳಿಸ್ತು. ನಿನ್ನೆನೂ ಇದನ್ನ ಹೇಳಿದ್ದಿ, ಮೊನ್ನೆನೂ ಹೇಳಿದ್ದಿ. ಯಾರೂ ಸತ್ತಿಲ್ಲಪಾ.” ಗೋಡೆ ಸ್ವಲ್ಪ ಹೊತ್ತು ಸುಮ್ಮನಾಯಿತು. ನನಗೆ ಮಾತ್ರ ಆ ಜಾಗದಲ್ಲಿ ಅವನು ಅಂದದ್ದು ನೆನಪಿತ್ತು. “ಬೈ, ಬೈ. ಈಗ ನನಗ ಕೈ ಬಿಡುವಿಲ್ಲ, ಹಿಟ್ಟಿನ್ಯಾಗ ಅದಾವ. ಸಂಜಿಗೆ ಬಾ, ಕಟ್ಟಿ ಮ್ಯಾಲ ಕುಂತು ಕೇಳತೀನಿ.”

ಮತ್ತೆ ಟಪಟಪ. ಮುಚ್ಚಳ ತೆಗೆದ ಸದ್ದು. ಸೊರ್ ಎಂದು ಏನೋ ಹೀರಿದ ಸದ್ದು. ಸ್ವಲ್ಪ ತಡೆದು ನನ್ನ ದನಿ, “ಉಪ್ಪು ಕಮ್ಮಿ ಆಗೈತಿ” ಎಂದಿತು.

ಶಿವಪುತ್ರಪ್ಪನವರು ಕಿವಿ ತೆಗೆದರು. “ಮಾತಾಡ್ಯಾನ. ನಪಾಸು” ಎಂದರು. ಹಂಪಣ್ಣ ಮಾಸ್ತರರು ಎಚ್ಚರಗೊಂಡು ನಪಾಸು ಎಂದರು, ಅವರಿಗೆ ಅದು ಹಳೆಯ ರೂಢಿ. ಚನಬಸಪ್ಪ ಏನೋ ಹೇಳಲು ಬಾಯಿ ತೆರೆದ, ಗೋಡೆ ನೋಡಿದ, ಮುಚ್ಚಿದ. ನನ್ನ ಎದೆ ಕುಸಿಯಿತು. ಗೊತ್ತಿದ್ದೂ ಮಾಡಿದ್ದೆ, ಆದರೂ ಕುಸಿಯಿತು.

“ಸಾರಿನ ರುಚಿ ನೋಡ್ಯಾರಲ್ಲ” ಎಂದಳು ಕಾಶಿ.

“ಏನಂದಿ?” ಶಿವಪುತ್ರಪ್ಪನವರು ಬಲಗಿವಿ ಮುಂದೆ ಮಾಡಿದರು.

“ಉಪ್ಪು ಕಮ್ಮಿ ಅಂದ್ರು. ಚೆಲ್ಲಲಿಲ್ಲ. ಅಷ್ಟೂ ಮಾತಿನ್ಯಾಗ ನಿಮಗ ಅದೊಂದು ಕೇಳಸಲಿಲ್ಲೇನ್ರಿ?”

ನಿಮಗೆ ಕೇಳಿಸಲಿಲ್ಲವೇ ಎಂದು ಗೋಡೆ ಪಂಚರನ್ನು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಕಾಶಿ ಅವರ ಉತ್ತರಕ್ಕೆ ನಿಲ್ಲಲಿಲ್ಲ. ಜಮಖಾನೆಯ ಅಂಚು ತುಳಿದು, ಪಂಚರ ನಡುವೆಯೇ ಹಾದು ಒಲೆಯ ಹತ್ತಿರ ಬಂದಳು. ಇವತ್ತಿನ ಸಾರಿನ ಮುಚ್ಚಳ ತೆಗೆದು, ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿದಳು. ದಫೇದಾರ ಒಳಗೆ ಕೂಗುತ್ತಿದ್ದ, ಅದನ್ನು ಸುಳ್ಳು ಹೇಳಲಾರೆ.

“ಇವತ್ತೂ ಕಮ್ಮಿನ ಐತಿ” ಎಂದು ಉಪ್ಪಿನ ಡಬ್ಬಿಗೆ ಕೈ ಹಾಕಿದಳು.

“ಅಕ್ಕಾ, ನಡಿ” ಎಂದ ಬಸಲಿಂಗಪ್ಪ.

“ಎಲ್ಲಿಗೆ? ಇಷ್ಟು ಮಂದಿ ಮನಿಗೆ ಬಂದಾರ, ಉಣಸಿ ಕಳಸೂದು ಬ್ಯಾಡೇನು? ಹಿಟ್ಟು ಸಾಣಸು.”

ಬಸಲಿಂಗಪ್ಪ ಪೇಡೆಯ ಪೊಟ್ಟಣ ಕೆಳಗಿಟ್ಟು ಹಿಟ್ಟಿನ ಸಾಣಿಗೆ ಹುಡುಕಿದ. ನಪಾಸಾದವನ ಮನೆಯಲ್ಲಿ ಉಣ್ಣಬಹುದೇ ಎಂದು ಪಂಚರಲ್ಲಿ ಸ್ವಲ್ಪ ಹೊತ್ತು ಚರ್ಚೆಯಾಯಿತು. ಮೊದಲು ತಾಟು ಮುಂದೆ ಮಾಡಿದವನು ಚನಬಸಪ್ಪ. ಶಿವಪುತ್ರಪ್ಪನವರು ಮೂರು ರೊಟ್ಟಿ ತಿಂದು, ಸಾರು ಸುರಿದುಕೊಂಡು ಕುಡಿದು, ತೀರ್ಪಿನಲ್ಲಿ ಏನೂ ಬದಲಿಲ್ಲ ಎಂದು ಎದ್ದು ಹೋದರು. ಮರುದಿನ ಅದೇ ಹೊತ್ತಿಗೆ ಗೋಡೆ ನಪಾಸು ನಪಾಸು ಎಂದಿತಂತೆ, ಕಾಶಿಯ ರೊಟ್ಟಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ತೀರ್ಪಿನ ದಿನ ಸಂಜೆ, ದಫೇದಾರನಿಗೆ ಗೊತ್ತು ಮಾಡಿದ ಹೊತ್ತಿಗೆ ನಾನು ಹೋಗಿ ಕಟ್ಟೆಯ ಮೇಲೆ ಕೂತೆ. ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತ ಕಾಶಿ ಹೊರಗೆ ಬಂದಳು. ಖಾಲಿ ಬೀದಿ ನೋಡಿದಳು, ನನ್ನ ಪಕ್ಕದ ಖಾಲಿ ಜಾಗ ನೋಡಿದಳು.

“ದಫೇದಾರ ಬಂದಾನೇನ್ರಿ?” ಎಂದಳು.

“ಇನ್ನಾ ಇಲ್ಲ.”

“ಬಂದ್ರ ಬರಲಿ ಬಿಡ್ರಿ” ಎಂದು, ಸ್ವಲ್ಪ ಸರಿಯಿರೆಂದು ಕೈ ಮಾಡಿ, ನನ್ನ ಮಗ್ಗುಲಿಗೆ ಕೂತಳು. “ಅಲ್ಲೀತನಕ ಇಬ್ಬರೂ ಕುಂದ್ರೂಣು.”